ಆಕ್ಸಿಡೆಂಟ್ ಆದವರನ್ನು ಗೇಟಲ್ಲೇ ಹಿಡಿದು ಪ್ರೈವೇಟ್ ಆಸ್ಪತ್ರೆಗೆ ಸಾಗಿಸುತ್ತಾರಲ್ಲ, ಇದು ಕಾನೂನಿಗೆ ಸರಿನಾ?

ಹೈವೇಪಕ್ಕದಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ನನ್ನ ತಮ್ಮ ತುಮಕೂರು ಕಡೆ ಹೈವೇಯಲ್ಲಿ ಬೈಕಿಂದ ಬಿದ್ದ. ಹಿಂದಿನಿಂದ ಒಂದು ಗೂಡ್ಸ್ ಗಾಡಿ ತಾಗಿಸಿತು. ಬಲಗಾಲು ಮಂಡಿಯಿಂದ ಕೆಳಗೆ ಮುರಿದಿತ್ತು. ಹೆಲ್ಮೆಟ್ ಇದ್ದದ್ದಕ್ಕೆ ತಲೆಗೆ ಏನೂ ಆಗಲಿಲ್ಲ. ಅಲ್ಲೇ ಟೀ ಅಂಗಡಿಯವರು 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೂ ಅವನ ಪಕ್ಕ ಕೂತಿದ್ದರಂತೆ. ನಾನು ತಾಲೂಕು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಲಿಗೆ ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು, ಎಕ್ಸ್‌ರೇ ಕೂಡ ತೆಗೆದಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು.

ಆಮೇಲೆ ಶುರುವಾಯಿತು. ಔಷಧಿ ತರೋಕೆ ಗೇಟಿನ ಹತ್ತಿರ ಬಂದೆ. ಒಬ್ಬ ಬಂದು ಹೆಗಲ ಮೇಲೆ ಕೈ ಹಾಕಿದ. "ಅಣ್ಣಾ, ನಿಮ್ ತಮ್ಮನಾ ಅದು? ಇಲ್ಲೇ ಇಟ್ಕೊಂಡ್ರೆ ಕಾಲು ತೆಗೀಬೇಕಾಗುತ್ತೆ. ಆರ್ಥೋ ಡಾಕ್ಟ್ರು ಬರೋದು ನಾಳೆ. ಬೆಂಗಳೂರಲ್ಲಿ ನಮ್ಗೆ ಗೊತ್ತಿರೋರು ಇದ್ದಾರೆ, ಇನ್ಶೂರೆನ್ಸ್ ಎಲ್ಲ ಅವ್ರೇ ನೋಡ್ಕೊಳ್ತಾರೆ, ಗಾಡಿ ರೆಡಿ ಇದೆ" ಅಂದ. ಅಮ್ಮ ಒಂದೇ ಸಮ ಅಳುತ್ತಿದ್ದರು. ಕಾಲು ತೆಗೀತಾರೆ ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಯಾರಿಗೆ ತಲೆ ಓಡುತ್ತೆ ಹೇಳಿ? ದಾರಿಯಲ್ಲೇ ತುಮಕೂರು ಜಿಲ್ಲಾಸ್ಪತ್ರೆ ಸಿಗುತ್ತೆ ಅನ್ನೋದು ಕೂಡ ನನಗೆ ಆಗ ಹೊಳೆಯಲಿಲ್ಲ.

ದಾಬಸ್‌ಪೇಟೆ ದಾಟುವಾಗ ಡ್ರೈವರ್ ಫೋನಲ್ಲಿ ಯಾರಿಗೋ ಹೇಳುತ್ತಿದ್ದ. "ಲೆಗ್ ಫ್ರಾಕ್ಚರ್ ಒಂದು ತರ್ತಾ ಇದ್ದೀನಿ ಸರ್. ಹೋದ ಸಲದ್ದೂ ಬಾಕಿ ಇದೆ, ಎರಡೂ ಸೇರಿಸಿ ಕೊಡಿ." ನನ್ನ ತಮ್ಮ ಅಲ್ಲ, ಲೆಗ್ ಫ್ರಾಕ್ಚರ್ ಒಂದು! ಆಗಲೇ ಇಳಿದು ಬಿಡಬೇಕಿತ್ತು ಅನ್ನಿಸುತ್ತೆ ಈಗ.

ಆಪರೇಷನ್ ಆಯಿತು, ರಾಡ್ ಹಾಕಿದರು, ಕಾಲು ಚೆನ್ನಾಗಿದೆ, ಅದರ ಬಗ್ಗೆ ದೂರಿಲ್ಲ. ಬಿಲ್ 3,42,000 ರೂಪಾಯಿ. ಆಂಬುಲೆನ್ಸ್‌ಗೆ ಬೇರೆ 6,500 ಕೈಯಲ್ಲೇ ಕೊಟ್ಟಿದ್ದೆ. ಇನ್ಶೂರೆನ್ಸ್ ನೋಡ್ಕೊಳ್ತೀವಿ ಅಂದಿದ್ದರಲ್ಲ, ಅದೇನೂ ಇರಲಿಲ್ಲ. ಮನೆಗೆ ಬಂದ ನಾಲ್ಕನೇ ದಿನ ಯಾವುದೋ ಫಿಸಿಯೋಥೆರಪಿ ಸೆಂಟರ್‌ನಿಂದ ಫೋನ್. ತಮ್ಮನ ಹೆಸರು, ಯಾವ ಕಾಲು, ಯಾವತ್ತು ಡಿಸ್ಚಾರ್ಜ್ ಎಲ್ಲ ಅವರಿಗೆ ಗೊತ್ತು. "ಈಗ ದುಡ್ಡು ಕೊಡಬೇಡಿ, ನಮ್ಮ ವಕೀಲರಿದ್ದಾರೆ, ಕ್ಲೇಮ್ ಬಂದ ಮೇಲೆ ಅದರಲ್ಲಿ ಮೂವತ್ತು ಪರ್ಸೆಂಟ್ ಹಿಡಿದುಕೊಳ್ತೀವಿ" ಅಂದರು.

ಹೀಗೆ ಗಾಯ ಆದವರನ್ನು ಹಿಡಿದು ಗಿರಾಕಿ ಮಾಡಿಕೊಳ್ಳೋದಕ್ಕೆ ನಮ್ಮಲ್ಲಿ ಕಾನೂನು ಅಡ್ಡಿ ಇಲ್ವಾ? ಇದ್ದರೆ ಯಾರಿಗೆ ದೂರು ಕೊಡಬೇಕು? ಅಥವಾ ಕಾಲು ಸರಿಹೋಯಿತಲ್ಲ ಅಂತ ಸುಮ್ಮನಿರೋದೇ ಒಳ್ಳೆಯದಾ?

---

ಬಿಲ್ಲಿಂಗ್‌ಕೌಂಟರ್:

ನಿಮ್ಮ ತಮ್ಮ ಬೇಗ ಹುಷಾರಾಗಲಿ.

ನಾನು ಏಳು ವರ್ಷ ಒಂದು ಪ್ರೈವೇಟ್ ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿ ಇದ್ದೆ, ಈಗ ಬಿಟ್ಟಿದ್ದೇನೆ. ನೀವು ಕೇಳಿದ ಆ ಫೋನ್ ಮಾತು ನನಗೆ ಹೊಸದಲ್ಲ. ನಮ್ಮಲ್ಲಿ ಮಾರ್ಕೆಟಿಂಗ್ ಅಂತ ಒಂದು ಟೀಮ್ ಇತ್ತು. ಪೇಪರಿಗೆ ಜಾಹೀರಾತು ಕೊಡೋದು ಅವರ ಕೆಲಸ ಅಂತ ಸೇರಿದಾಗ ಅಂದುಕೊಂಡಿದ್ದೆ. ಅವರು ಮಾಡುತ್ತಿದ್ದದ್ದು ಹೈವೇ ಉದ್ದಕ್ಕೂ ಇರುವ ಆಂಬುಲೆನ್ಸ್‌ನವರು, ಸಣ್ಣ ಕ್ಲಿನಿಕ್‌ನವರು, ಕೆಲವು ಆಸ್ಪತ್ರೆಗಳ ವಾರ್ಡ್ ಬಾಯ್‌ಗಳು, ಇವರ ನಂಬರ್ ಇಟ್ಟುಕೊಂಡು ಹಬ್ಬಕ್ಕೆ ಸ್ವೀಟ್ ಬಾಕ್ಸ್ ಕಳಿಸೋದು, ತಿಂಗಳ ಕೊನೆಗೆ ಲೆಕ್ಕ ಮುಗಿಸೋದು. ಯಾವ ಕೇಸಿಗೆ ಎಷ್ಟು ಅಂತ ಒಂದು ಪಟ್ಟಿನೇ ಇತ್ತು. ಜ್ವರಕ್ಕೆ ಏನೂ ಇಲ್ಲ. ಮೂಳೆ ಮುರಿತ, ತಲೆಗೆ ಪೆಟ್ಟು, ಐಸಿಯು, ಹೀಗೆ ಏರುತ್ತಾ ಹೋಗುತ್ತೆ.

ಈ ದುಡ್ಡು ಆಸ್ಪತ್ರೆ ಮಾಲೀಕರ ಜೇಬಿಂದ ಬರುತ್ತೆ ಅಂದುಕೊಳ್ಳಬೇಡಿ. ನಿಮ್ಮ ಬಿಲ್ಲಲ್ಲೇ ಎಲ್ಲೋ ಕೂತಿರುತ್ತೆ. ಅದಕ್ಕೇ ಮೊದಲ ಕೆಲಸ, ಐಟಂ ಐಟಂ ಬಿಡಿಸಿ ಬರೆದ ಬಿಲ್ ಕೇಳಿ. ಒಂದೇ ಸಾಲಲ್ಲಿ "ಪ್ಯಾಕೇಜ್" ಅಂತ ಕೊಟ್ಟಿದ್ದರೆ ಒಪ್ಪಬೇಡಿ. "ಟ್ರಾನ್ಸ್‌ಪೋರ್ಟ್", "ಕೋಆರ್ಡಿನೇಶನ್", "ಎಮರ್ಜೆನ್ಸಿ ಫೆಸಿಲಿಟೇಶನ್" ಅಂತ ಏನಾದರೂ ಇದೆಯಾ ನೋಡಿ. ಆಂಬುಲೆನ್ಸ್ ದುಡ್ಡು ನೀವೇ ಕೊಟ್ಟಿದ್ದೀರಿ ಅಂದಮೇಲೆ ಆ ಹೆಸರಲ್ಲಿ ಇನ್ನೊಂದು ಸಾಲು ಇರಬಾರದು.

ಫಿಸಿಯೋದವರಿಗೆ ನಂಬರ್ ಹೇಗೆ ಹೋಯಿತು ಅನ್ನೋದೂ ದೊಡ್ಡ ರಹಸ್ಯ ಏನಲ್ಲ. ಡಿಸ್ಚಾರ್ಜ್ ಲಿಸ್ಟ್ ಯಾರ ಟೇಬಲ್ ಮೇಲೆ ಇರುತ್ತೋ ಅವರ ಮೊಬೈಲಿಂದ ಒಂದು ಫೋಟೋ, ಮುಗೀತು.

---

ಹಳೇಸ್ಟೆತಾಸ್ಕೋಪ್:

ನಾನು ಸರ್ಕಾರಿ ಸೇವೆಯಿಂದ ನಿವೃತ್ತನಾದ ವೈದ್ಯ. ಕ್ಯಾಶುವಾಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ, ತುಂಬಾ ವರ್ಷ ಕೆಲಸ ಮಾಡಿದ್ದೇನೆ, ಆ ಗೇಟಿನ ಮನುಷ್ಯರನ್ನೂ ನೋಡಿದ್ದೇನೆ. ಓಡಿಸಿದರೆ ಅರ್ಧ ಗಂಟೆಗೆ ಮತ್ತೆ ಬರುತ್ತಾರೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು, ಅಡ್ಡಿ ಇದೆ, ಅದೂ ಸ್ಪಷ್ಟವಾಗಿಯೇ ಇದೆ. 2002ರಲ್ಲಿ ಬಂದ ಭಾರತೀಯ ವೈದ್ಯಕೀಯ ಮಂಡಳಿಯ ವೃತ್ತಿ ನಡತೆ ನಿಯಮಗಳನ್ನು ತೆಗೆದು ನೋಡಿ. 6.1.1ರಲ್ಲಿ ರೋಗಿಗಳನ್ನು ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ಕರೆಯೋದು ತಪ್ಪು ಎಂದಿದೆ. ಒಬ್ಬ ವೈದ್ಯ ಮಾಡಿದರೂ ಅಷ್ಟೇ, ಗುಂಪಾಗಿ ಮಾಡಿದರೂ ಅಷ್ಟೇ, ಸಂಸ್ಥೆ ಮಾಡಿದರೂ ಅಷ್ಟೇ. 6.4ರಲ್ಲಿ ರೋಗಿಯನ್ನು ಕಳಿಸಿದ್ದಕ್ಕೆ, ಶಿಫಾರಸು ಮಾಡಿದ್ದಕ್ಕೆ, ತಂದುಕೊಟ್ಟಿದ್ದಕ್ಕೆ ಕಮಿಷನ್ ಕೊಡೋದು, ತಗೊಳ್ಳೋದು, ಕೇಳೋದು, ಮೂರೂ ನಿಷೇಧ. 7.19 ಒಂದೇ ಸಾಲು: ರೋಗಿಗಳನ್ನು ತರಲು ವೈದ್ಯ ದಲ್ಲಾಳಿಗಳನ್ನಾಗಲಿ ಏಜೆಂಟರನ್ನಾಗಲಿ ಬಳಸುವಂತಿಲ್ಲ. ನಿಮ್ಮ ಕಥೆಗೇ ಅಂತ ಬರೆದ ಹಾಗಿದೆ, ಅಲ್ವಾ? ರೋಗಿಯ ಗುಟ್ಟು ಹೊರಗೆ ಬಿಡಬಾರದು ಅನ್ನೋದು 7.14ರಲ್ಲಿದೆ. ಆ ಫಿಸಿಯೋ ಫೋನಿಗೆ ಇದನ್ನು ಹಿಡಿಯಬಹುದು.

ಇದರ ಬದಲಿಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತ್ತು. ಗಲಾಟೆಯಾಗಿ ಅದೇ ತಿಂಗಳು ತಡೆ ಹಿಡಿದರು. ಹಾಗಾಗಿ 2002ರದ್ದನ್ನೇ ಹಿಡಿದುಕೊಂಡು ಮಾತಾಡಬೇಕು.

ಈಗ ಕಹಿ ವಿಷಯ. ಸಂಸ್ಥೆ ಅನ್ನೋ ಪದ ನಿಯಮದಲ್ಲಿದ್ದರೂ ಶಿಕ್ಷೆ ಆಗೋದು ವೈದ್ಯರಿಗೆ ಮಾತ್ರ. ವೈದ್ಯಕೀಯ ಪರಿಷತ್ತು ನೋಂದಣಿ ಪಟ್ಟಿಯಿಂದ ಹೆಸರು ತೆಗೆಯಬಹುದು, ಒಂದಷ್ಟು ಕಾಲಕ್ಕೋ ಖಾಯಂ ಆಗಿಯೋ. ಆದರೆ ಮಾರ್ಕೆಟಿಂಗ್ ಮ್ಯಾನೇಜರ್‌ಗೆ, ಆಂಬುಲೆನ್ಸ್ ಮಾಲೀಕನಿಗೆ, ಆಸ್ಪತ್ರೆ ನಡೆಸುವ ಕಂಪನಿಗೆ ಪರಿಷತ್ತಿನಲ್ಲಿ ನೋಂದಣಿಯೇ ಇರೋದಿಲ್ಲ, ತೆಗೆಯೋಕೆ ಹೆಸರು ಎಲ್ಲಿಂದ ಬರಬೇಕು? ಇದು ಗೊತ್ತಿದ್ದೇ ವ್ಯವಹಾರವೆಲ್ಲ ಡಾಕ್ಟರ್ ಕೈಗೆ ತಾಗದ ಹಾಗೆ ನಡೆಯುತ್ತೆ. ಸರ್ಜನ್ ಕೇಳಿದರೆ "ನನಗೇನೂ ಗೊತ್ತಿಲ್ಲ, ಪೇಷಂಟ್ ಬಂದ್ರು, ಆಪರೇಷನ್ ಮಾಡಿದೆ" ಎನ್ನುತ್ತಾರೆ. ಕೆಲವರಿಗೆ ನಿಜವಾಗಿಯೂ ಗೊತ್ತಿರೋದಿಲ್ಲ.

ಇನ್ನೊಂದು ಮಾತು. ದೊಡ್ಡ ಆಸ್ಪತ್ರೆಗೆ ಬರೆದು ಕಳಿಸೋದು ತಪ್ಪಲ್ಲ. ನಾನೇ ಸಾವಿರಾರು ಜನರನ್ನು ಕಳಿಸಿದ್ದೇನೆ. ಕಾಗದದಲ್ಲಿ ಯಾಕೆ ಕಳಿಸುತ್ತಿದ್ದೇನೆ ಅಂತ ಬರೆದು, ಸೀಲ್ ಹಾಕಿ, ಯಾವ ಸೌಲಭ್ಯ ಬೇಕು ಅಂತ ಹೇಳಿ ಕಳಿಸಿದರೆ ಅದು ರೆಫರಲ್. ಕಾಗದವೇ ಇಲ್ಲದೆ ಗೇಟಲ್ಲಿ ಕಿವಿಯಲ್ಲಿ ಹೇಳಿದರೆ ಅದು ಬೇರೆ. ನಿಮ್ಮ ಹತ್ತಿರ ತಾಲೂಕು ಆಸ್ಪತ್ರೆಯ ರೆಫರಲ್ ಚೀಟಿ ಇದೆಯಾ? ಅದರಲ್ಲಿ ಯಾವ ಆಸ್ಪತ್ರೆಗೆ ಅಂತ ಬರೆದಿದೆ?

ಮತ್ತೆ ಆ ಕಾಲು ತೆಗೆಯುವ ಬೆದರಿಕೆ. ಚರ್ಮ ಸೀಳದೆ, ಪಾದದಲ್ಲಿ ನಾಡಿ ಚೆನ್ನಾಗಿ ಸಿಗುತ್ತಿದ್ದು, ಬೆರಳು ಆಡಿಸುತ್ತಿದ್ದರೆ, ಆಪರೇಷನ್ ಮರುದಿನ ಮಾಡಿದರೂ ಸಾಮಾನ್ಯವಾಗಿ ತೊಂದರೆ ಇಲ್ಲ. ಮೂಳೆ ಹೊರಗೆ ಬಂದಿದ್ದರೆ, ಪಾದ ತಣ್ಣಗಾಗಿದ್ದರೆ ಕಾಯುವ ಹಾಗಿಲ್ಲ. ಇದನ್ನು ಡ್ಯೂಟಿ ಡಾಕ್ಟರನ್ನೇ ಕೇಳಬೇಕಿತ್ತು. ನಿಮ್ಮನ್ನು ಬೈಯುತ್ತಿಲ್ಲ. ಆ ಹೊತ್ತಲ್ಲಿ ಯಾರೂ ಕೇಳೋದಿಲ್ಲ, ಆ ಮನುಷ್ಯನ ದಂಧೆ ನಡೆಯೋದೇ ಅದರ ಮೇಲೆ.

---

ಸೈರನ್‌ಸೀನ:

ನಾನು ಪ್ರೈವೇಟ್ ಆಂಬುಲೆನ್ಸ್ ಓಡಿಸೋನು. ಎಲ್ಲರೂ ಸೇರಿ ಡ್ರೈವರ್‌ಗಳನ್ನೇ ಕಳ್ಳರು ಮಾಡೋ ಮುಂಚೆ ಒಂದೆರಡು ಮಾತು ಕೇಳಿ.

ಗಾಡಿ ನಮ್ಮದಲ್ಲ, ಓನರ್‌ದು. ಇಎಂಐ ಇದೆ, ಡೀಸೆಲ್ ಇದೆ. ಸಂಬಳ ಕಮ್ಮಿ ಕೊಟ್ಟು "ಆಸ್ಪತ್ರೆಯೋರು ಕೊಡ್ತಾರಲ್ಲ, ಅದು ನಿಂದೇ" ಅಂತಾರೆ. ರಾತ್ರಿ ಎರಡು ಗಂಟೆಗೆ ರಕ್ತ ಮೆತ್ತಿದ ಮನುಷ್ಯನನ್ನ ಎತ್ತಿ ಹಾಕ್ಕೊಂಡು ಹೋಗ್ತೀವಿ, ಅರ್ಧ ದಾರೀಲಿ ಸತ್ರೆ ಬಾಡಿಗೆ ಕೊಡದೆ ಹೋಗೋರೂ ಇದ್ದಾರೆ. ಇನ್ನು ಜನ. "ಒಳ್ಳೆ ಆಸ್ಪತ್ರೆಗೆ ಕರ್ಕೊಂಡು ಹೋಗಪ್ಪ, ನಿಂಗೆ ಗೊತ್ತಿರುತ್ತಲ್ಲ" ಅಂತ ಅವರೇ ಹೇಳ್ತಾರೆ. ನಾನು ಏನು ಹೇಳಬೇಕು? ನಂಗೆ ಗೊತ್ತಿರೋದು ಬೇಗ ಗೇಟ್ ತೆಗೆಯೋ ಆಸ್ಪತ್ರೆ.

ಆದ್ರೆ ಕಾಲು ತೆಗೀತಾರೆ ಅಂತ ಹೆದರ್ಸೋದು ತಪ್ಪು, ಅದನ್ನ ಒಪ್ತೀನಿ. ದಾರೀಲಿ ದೊಡ್ಡಾಸ್ಪತ್ರೆ ಬಿಟ್ಟು 70 ಕಿಲೋಮೀಟರ್ ಮುಂದೆ ಎಳ್ಕೊಂಡು ಹೋಗೋದು ಅದಕ್ಕಿಂತ ದೊಡ್ಡ ತಪ್ಪು. ನಾನು ಹಾಗೆ ಮಾಡಲ್ಲ. ಮಾಡೋರು ಇದ್ದಾರೆ.

---

ಬಿಲ್ಲಿಂಗ್‌ಕೌಂಟರ್:

ಸೀನಣ್ಣ, ನಿಮ್ಮ ಮೇಲೆ ಕೋಪ ಇಲ್ಲ. ಆದರೆ ಬೇಗ ಗೇಟ್ ತೆಗೆಯುವ ಆಸ್ಪತ್ರೆ ಯಾಕೆ ಬೇಗ ತೆಗೆಯುತ್ತೆ ಅನ್ನೋದೂ ನಿಮಗೆ ಗೊತ್ತು. ದುಡ್ಡು ಹೇಗೂ ರೋಗಿಯ ಕಡೆಯವರಿಂದಲೇ ಬರುತ್ತೆ, ಅದನ್ನು ಮೊದಲೇ ಬಾಡಿಗೆ ಅಂತ ನೇರವಾಗಿ ಕೇಳಿದ್ದರೆ ಜಾಸ್ತಿ ಆದರೂ ಕೊಡುತ್ತಿದ್ದರು.

---

ಸೈರನ್‌ಸೀನ:

ಕೊಡ್ತಾರೆ ಅಂತೀರಾ? ನೀವು ಕೌಂಟರ್ ಒಳಗೆ ಕೂತಿದ್ರಿ. ನಾನು ಹೊರಗೆ ನಿಂತಿದ್ದೆ. ಬಿಡಿ.

---

ಕರಿಕೋಟು:

ನಾನು ಮೋಟಾರು ಅಪಘಾತ ಪರಿಹಾರದ ಕೇಸ್‌ಗಳನ್ನು ನೋಡುವ ವಕೀಲೆ. ನಿಮಗೆ ತಕ್ಷಣ ಬೇಕಾದ ಮಾತು ಮೊದಲು ಹೇಳುತ್ತೇನೆ: ಆ ಮೂವತ್ತು ಪರ್ಸೆಂಟ್‌ನವರು ಕಳಿಸಿದ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಒರಿಜಿನಲ್ ಬಿಲ್ ಕೊಡಲೇಬೇಡಿ. ಪರಿಹಾರದ ಮೊತ್ತದಲ್ಲಿ ಪಾಲು ಅಂತ ಫೀಸು ಮಾತಾಡೋದು ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರಿಗೆ ನಿಷಿದ್ಧ. ದಲ್ಲಾಳಿ ಮೂಲಕ ಕಕ್ಷಿದಾರರನ್ನು ಹಿಡಿಯೋದೂ ನಿಷಿದ್ಧ. ಅಂದರೆ ನಿಮಗೆ ಫೋನ್ ಮಾಡಿದವರು ಎರಡು ವೃತ್ತಿಗಳ ನಿಯಮವನ್ನು ಒಂದೇ ಕಾಲ್‌ನಲ್ಲಿ ಮುರಿದಿದ್ದಾರೆ. ಇಂಥ ಕಡೆ ಏನಾಗುತ್ತೆ ಗೊತ್ತಾ, ಮೂರು ತಿಂಗಳು ದಿನವೂ ಫಿಸಿಯೋ ಮಾಡಿದ ಹಾಗೆ ಬಿಲ್ ಬೆಳೆಯುತ್ತೆ, ಇನ್ಶೂರೆನ್ಸ್ ಕಂಪನಿಯವರು ಅದನ್ನು ಸುಳ್ಳು ಅಂತ ಹಿಡಿದರೆ ಪಾಟೀಸವಾಲಿನಲ್ಲಿ ನಿಲ್ಲೋದು ನಿಮ್ಮ ತಮ್ಮ, ಆ ಸೆಂಟರ್‌ನವರಲ್ಲ. ನಿಜವಾದ ಮೂಳೆ ಮುರಿತದ ಕೇಸು ಕೂಡ ಅದರಿಂದ ಹಾಳಾಗುತ್ತೆ.

ಗೂಡ್ಸ್ ಗಾಡಿ ತಾಗಿಸಿದ್ದು ಅಂದಿರಿ. ಎಫ್‌ಐಆರ್ ಆಗಿದೆಯಾ? ಗಾಡಿ ನಂಬರ್ ಸಿಕ್ಕಿದೆಯಾ? 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಅಪಘಾತ ಆದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಇದೆ, ಆ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಡ ಮಾಡಬೇಡಿ. ನಿಮ್ಮ ಊರಿನ ನ್ಯಾಯಾಧಿಕರಣದಲ್ಲೇ ಹಾಕಬಹುದು.

ಈಗ ಆಸ್ಪತ್ರೆ ವಿಷಯ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ನೋಡಿ. ಅಪಘಾತ ಮಾಡಿದ ಡ್ರೈವರ್ ಗಾಯಾಳುವನ್ನು ಹತ್ತಿರದ ವೈದ್ಯರಿಗೋ ಆಸ್ಪತ್ರೆಗೋ ಮುಟ್ಟಿಸಬೇಕು, ಡ್ಯೂಟಿ ಡಾಕ್ಟರ್ ಯಾವ ಫಾರ್ಮಾಲಿಟಿಗೂ ಕಾಯದೆ ಚಿಕಿತ್ಸೆ ಕೊಡಬೇಕು ಎಂದಿದೆ. ಅಲ್ಲೇ ಒಂದು ಸಣ್ಣ ಮಾತು ಸೇರಿಸಿದ್ದಾರೆ: ಗಾಯಾಳು ಬೇರೆ ಥರ ಬಯಸಿದರೆ ಹೊರತು, ಅಂತ. ಅಂದರೆ ಎಲ್ಲಿ ಚಿಕಿತ್ಸೆ ಅನ್ನೋ ಆಯ್ಕೆ ಗಾಯಾಳುವಿನದು, ಗೇಟಲ್ಲಿ ನಿಂತವನದಲ್ಲ. ಹತ್ತಿರದ ಆಸ್ಪತ್ರೆ ಅನ್ನೋ ಮಾತಿಗೂ ಒಂದು ಹಿನ್ನೆಲೆ ಇದೆ. 1989ರಲ್ಲಿ ಪರಮಾನಂದ ಕಟಾರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಸ್ಕೂಟರ್ ಅಪಘಾತದ ಒಂದು ಸಾವು. ಮೆಡಿಕೋ ಲೀಗಲ್ ಕೇಸು (ಎಂಎಲ್‌ಸಿ, ಪೊಲೀಸರಿಗೆ ತಿಳಿಸಬೇಕಾದ ಕೇಸು), ನಾವು ನೋಡಲ್ಲ ಅಂತ ಮೊದಲ ಆಸ್ಪತ್ರೆಯವರು 20 ಕಿಲೋಮೀಟರ್ ದೂರದ ಇನ್ನೊಂದಕ್ಕೆ ಕಳಿಸಿದರು, ಮುಟ್ಟುವ ಮೊದಲೇ ಆತ ಸತ್ತ. ಸರ್ಕಾರಿಯಾಗಲಿ ಪ್ರೈವೇಟ್ ಆಗಲಿ, ಜೀವ ಉಳಿಸೋದು ಪ್ರತಿ ವೈದ್ಯನ ಕರ್ತವ್ಯ, ಪೊಲೀಸ್ ಕಾಗದ ಆಮೇಲೆ, ಎಂದು ಕೋರ್ಟ್ ಹೇಳಿತು. ಆಗ ಸಮಸ್ಯೆ ಇದ್ದದ್ದು ಆಕ್ಸಿಡೆಂಟ್ ಕೇಸ್ ಯಾರಿಗೂ ಬೇಡ ಅನ್ನೋದು. ಈಗ ನೋಡಿದರೆ ಎಳೆದಾಡಿಕೊಂಡು ಒಯ್ಯುತ್ತಾರೆ. ಕಾಲ ಹೇಗೆ ತಿರುಗಿತು ನೋಡಿ.

ದೂರು ಕೊಡೋದು ಮೂರು ಕಡೆ, ಮೂರಕ್ಕೂ ಬೇರೆ ಬೇರೆ ಕೆಲಸ. ಡಾಕ್ಟರ್ ಹೆಸರು ಗೊತ್ತಿದ್ದು ಅವರಿಗೆ ಕಮಿಷನ್ ವ್ಯವಹಾರದ ನಂಟು ಇದೆ ಅನ್ನಿಸಿದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಮೇಲೆ ಡಾಕ್ಟರ್ ಸರ್ ಹೇಳಿದ ನಿಯಮದ ನಂಬರ್‌ಗಳನ್ನು ಅಲ್ಲಿ ಹಾಕಿ. ಆಸ್ಪತ್ರೆ ಮೇಲೆ ಆದರೆ ಕೆಪಿಎಂಇ, ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಇದಕ್ಕೆ ತಿದ್ದುಪಡಿ ತರುವಾಗ 2017ರ ನವೆಂಬರ್‌ನಲ್ಲಿ ಪ್ರೈವೇಟ್ ಡಾಕ್ಟರ್‌ಗಳು ಮುಷ್ಕರ ಮಾಡಿದ್ದು ನೆನಪಿರಬಹುದು. ಆ ತಿದ್ದುಪಡಿಯ ನಂತರ ಪ್ರತಿ ಜಿಲ್ಲೆಯಲ್ಲಿ ಡಿಸಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಅರ್ಜಿ ಡಿಎಚ್‌ಒ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಟ್ಟರೆ ಆಯಿತು. ಆದರೆ ಆಸ್ಪತ್ರೆ ಯಾವ ಜಿಲ್ಲೆಯಲ್ಲಿದೆಯೋ ಅಲ್ಲಿ ಕೊಡಬೇಕು. ಬೆಂಗಳೂರು ಅಂದಿರಿ, ಅದು ನಗರ ಜಿಲ್ಲೆಯೋ ಗ್ರಾಮಾಂತರವೋ ನೋಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಫೈಲ್ ಎರಡು ಕಚೇರಿ ಮಧ್ಯೆ ಓಡಾಡುತ್ತೆ. ರೇಟ್ ಪಟ್ಟಿ ಕಾಣುವ ಹಾಗೆ ಹಾಕಿದ್ದರಾ, ತುರ್ತು ಚಿಕಿತ್ಸೆಗೆ ಮೊದಲೇ ಅಡ್ವಾನ್ಸ್ ಕಟ್ಟಿ ಅಂದರಾ, ಇವೆಲ್ಲ ಇಲ್ಲಿ ಬರುತ್ತೆ.

ಬಿಲ್ ದುಡ್ಡು ವಾಪಸ್ ಬೇಕು ಅಂದರೆ ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಯೂ ಸೇವೆ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ನೀವು ಇರುವ ಜಿಲ್ಲೆಯಲ್ಲೇ ಹಾಕಬಹುದು, 5 ಲಕ್ಷದ ಒಳಗಿನದಕ್ಕೆ ಶುಲ್ಕ ಇಲ್ಲ, 2 ವರ್ಷ ಟೈಮ್ ಇದೆ.

---

ಹೈವೇಪಕ್ಕದಮನೆ:

ಅಬ್ಬಾ, ಇಷ್ಟೊಂದು ಇದೆ ಅಂತ ಗೊತ್ತೇ ಇರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಡಾಕ್ಟರ್ ಸರ್, ಚೀಟಿ ಹುಡುಕಿದೆ. ಇದೆ! ಅದರಲ್ಲಿ "ಮುಂದಿನ ಚಿಕಿತ್ಸೆಗೆ ಜಿಲ್ಲಾಸ್ಪತ್ರೆ ತುಮಕೂರು" ಅಂತ ಬರೆದಿದೆ. ನಾನು ಆವತ್ತು ಅದನ್ನು ಓದಿಯೇ ಇರಲಿಲ್ಲ. ಆ ಗೇಟಿನವನೇ "ಕೊಡಿ ಅಣ್ಣ, ನಾನು ಇಟ್ಕೊಂಡಿರ್ತೀನಿ" ಅಂತ ಫೈಲ್ ಇಸ್ಕೊಂಡಿದ್ದ. ಚರ್ಮ ಸೀಳಿರಲಿಲ್ಲ, ಬೆರಳು ಆಡಿಸುತ್ತಿದ್ದ.

ಕರಿಕೋಟು ಮೇಡಂ, ಎಫ್‌ಐಆರ್ ಆಗಿದೆ, ಗಾಡಿ ನಂಬರ್ ಟೀ ಅಂಗಡಿಯವರು ಕೊಟ್ಟರು. ಅವರು ಸಾಕ್ಷಿ ಹೇಳೋಕೆ ಹೆದರುತ್ತಿದ್ದಾರೆ, ಅವರಿಗೆ ತೊಂದರೆ ಆಗುತ್ತಾ? ಮತ್ತೆ ಯಾರೋ ಹೇಳಿದರು, ಈಗ ಆಕ್ಸಿಡೆಂಟ್‌ಗೆ ಕೇಂದ್ರದಿಂದ ಒಂದೂವರೆ ಲಕ್ಷ ಫ್ರೀ ಅಂತ. ನಿಜವಾ?

---

ಕರಿಕೋಟು:

ಆ ಚೀಟಿ ಲ್ಯಾಮಿನೇಟ್ ಮಾಡಿಸಬೇಡಿ, ಆದರೆ ಹತ್ತು ಜೆರಾಕ್ಸ್ ಮಾಡಿಸಿ ಇಡಿ. ನಿಮ್ಮ ಇಡೀ ಕೇಸಿನ ಬಲವೇ ಅದು.

ಟೀ ಅಂಗಡಿಯವರಿಗೆ ಧೈರ್ಯ ಹೇಳಿ. ಸಹಾಯ ಮಾಡಿದವರನ್ನು ಕಾಡಿಸಬಾರದು ಅಂತ ಅದೇ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ 2019ರಲ್ಲಿ ಸೇರಿದೆ. ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ಸಾಕ್ಷಿ ಹೇಳೋದು ಅವರಿಗೆ ಬಿಟ್ಟದ್ದು.

ಒಂದೂವರೆ ಲಕ್ಷದ್ದು ನಿಜ. 2025ರ ಮೇ 5ಕ್ಕೆ ಜಾರಿಗೆ ಬಂದ ನಗದುರಹಿತ ಚಿಕಿತ್ಸೆ ಯೋಜನೆ. ಅಪಘಾತ ಆದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷದವರೆಗೆ, ಯೋಜನೆಗೆ ಸೇರಿಸಿದ ಆಸ್ಪತ್ರೆಗಳಲ್ಲಿ. ಬೇರೆ ಆಸ್ಪತ್ರೆಗೆ ಹೋದರೆ ಪ್ರಾಣಾಪಾಯ ತಪ್ಪಿಸುವಷ್ಟು ಮಾತ್ರ. ಆಮೇಲೆ ಬಿಲ್ ತಗೊಂಡು ಹೋಗಿ ಕೇಳುವ ಯೋಜನೆ ಇದಲ್ಲ, ಆಸ್ಪತ್ರೆಯೇ ಆಗಲೇ ಹಾಕಿ ಪಡೆಯಬೇಕು. ಈಗ ನಿಮಗೆ ಹೊಟ್ಟೆ ಉರಿಯಬೇಕಾದ ಜಾಗ ಇದೇ. ಗೇಟಿನವನು ಇನ್ಶೂರೆನ್ಸ್ ನೋಡ್ಕೊಳ್ತಾರೆ ಅಂದ, ಆದರೆ ಕಾನೂನು ಕೊಟ್ಟಿದ್ದ ಈ ದಾರಿ ಬಗ್ಗೆ ಆ ಆಸ್ಪತ್ರೆಯವರು ಬಾಯಿ ಬಿಟ್ಟರಾ? ದೂರಿನಲ್ಲಿ ಈ ಪ್ರಶ್ನೆ ಖಂಡಿತ ಹಾಕಿ.

---

ಡಲ್ಲಾಸ್‌ದೋಸೆ:

ನಾನು ಮಂಡ್ಯದವನು, ಹನ್ನೊಂದು ವರ್ಷದಿಂದ ಟೆಕ್ಸಾಸ್‌ನಲ್ಲಿ ಇದ್ದೇನೆ. ಇದು ಭಾರತದ ರೋಗ ಮಾತ್ರ ಅಂದುಕೊಳ್ಳಬೇಡಿ.

ಮೂರು ವರ್ಷದ ಹಿಂದೆ ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಒಬ್ಬ ಗುದ್ದಿದ. ಕುತ್ತಿಗೆ ಹಿಡಿದುಕೊಂಡಿತ್ತು, ಅಷ್ಟೇ. ಎರಡೇ ದಿನಕ್ಕೆ ಫೋನ್ ಶುರು. ಸುಮ್ನೆ ಹಲೋ ಅನ್ನೋ ಥರ ಅಲ್ಲ, ನನ್ನ ಹೆಸರು, ಯಾವ ರಸ್ತೆ, ಯಾವ ಕಾರು ಎಲ್ಲ ಹೇಳಿ, ಬೆನ್ನು ಕುತ್ತಿಗೆ ನೋಡುವ ಕೈರೋಪ್ರಾಕ್ಟರ್ ಕ್ಲಿನಿಕ್‌ನಿಂದ, ಒಂದಾದ ಮೇಲೆ ಒಂದು. ಇಲ್ಲೂ ಅದೇ ಮಂತ್ರ: "ಈಗ ಒಂದು ಡಾಲರ್ ಕೊಡಬೇಡಿ, ಲೆಟರ್ ಆಫ್ ಪ್ರೊಟೆಕ್ಷನ್ ಮಾಡಿಸೋಣ, ಸೆಟಲ್‌ಮೆಂಟ್ ಬಂದಾಗ ಅದರಲ್ಲಿ ಹಿಡಿಯೋಣ." ಅದು ಒಂಥರಾ ಬೆಳೆ ಬರುವ ಮೊದಲೇ ದಲ್ಲಾಳಿಗೆ ಬರೆದುಕೊಟ್ಟ ಹಾಗೆ. ಬಿಲ್ ಎಷ್ಟು ಬೆಳೆದರೂ ನಿಮಗೆ ಗೊತ್ತಾಗೋದು ಕೊನೆಗೆ.

ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಟೆಕ್ಸಾಸ್‌ನಲ್ಲಿ ಇದು ಬರೀ ವೃತ್ತಿ ನಿಯಮ ಅಲ್ಲ, ಕ್ರಿಮಿನಲ್ ಕಾಯ್ದೆಯಲ್ಲೇ ಇದೆ, ಪೀನಲ್ ಕೋಡ್ 38.12. ವಕೀಲರು, ಡಾಕ್ಟರ್‌ಗಳು, ಸರ್ಜನ್‌ಗಳು, ಕೈರೋಪ್ರಾಕ್ಟರ್‌ಗಳು, ಖಾಸಗಿ ಪತ್ತೇದಾರರು, ಯಾವುದೇ ಆರೋಗ್ಯ ಲೈಸೆನ್ಸ್ ಇರುವವರು, ಎಲ್ಲರಿಗೂ ಒಂದೇ ಸೆಕ್ಷನ್. ಅಪಘಾತ ಆದ 31ನೇ ದಿನಕ್ಕೆ ಮೊದಲು ನೀವಾಗಿ ಕೇಳದೆ ನಿಮಗೆ ಪತ್ರ ಬರೆದು ಗಿರಾಕಿ ಹಿಡಿಯುವ ಹಾಗಿಲ್ಲ. ಎದುರಿಗೆ ಬಂದು ಅಥವಾ ಫೋನ್ ಮಾಡಿ ದುಡ್ಡಿನ ಆಸೆಗೆ ಕೆಲಸ ಹಿಡಿಯೋದು ಅದಕ್ಕಿಂತ ದೊಡ್ಡ ಅಪರಾಧ, ಜೈಲು 2ರಿಂದ 10 ವರ್ಷ. ನೀವೇ ಹುಡುಕಿಕೊಂಡು ಹೋದರೆ ತಪ್ಪಿಲ್ಲ, ಟಿವಿಯಲ್ಲಿ ಜಾಹೀರಾತು ಕೊಟ್ಟರೂ ತಪ್ಪಿಲ್ಲ. ಹೈವೇ ಪಕ್ಕ ಬೋರ್ಡ್‌ಗಳಲ್ಲಿ ಹಲ್ಲು ಕಿರಿಯುವ ವಕೀಲರ ಫೋಟೋ ನೋಡಿ ನೋಡಿ ನಮಗೆ ಅವರು ನೆಂಟರಾಗಿಬಿಟ್ಟಿದ್ದಾರೆ.

31 ದಿನ ಯಾಕೆ ಅಂದರೆ, ನೋವಲ್ಲಿ, ಗಾಬರಿಯಲ್ಲಿ ಇರುವ ಮನುಷ್ಯನ ಹತ್ತಿರ ಸಹಿ ಹಾಕಿಸಬಾರದು ಅಂತ. ಫ್ಲಾರಿಡಾದಲ್ಲಿ ವಕೀಲರು ಅಪಘಾತದ 30 ದಿನದೊಳಗೆ ಪತ್ರ ಬರೆಯಬಾರದು ಅನ್ನೋ ನಿಯಮ ಇತ್ತು, ಇದು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ಕೋರ್ಟಿಗೆ ಹೋದರು. 1995ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ನಿಯಮವನ್ನು ಎತ್ತಿ ಹಿಡಿಯಿತು. ಫ್ಲಾರಿಡಾದಲ್ಲಿ ಆಕ್ಸಿಡೆಂಟ್ ರಿಪೋರ್ಟ್ ಕೂಡ 60 ದಿನ ಸಂಬಂಧಪಟ್ಟವರಿಗೆ ಬಿಟ್ಟು ಬೇರೆಯವರಿಗೆ ಕೊಡೋದಿಲ್ಲ, ಅದರಲ್ಲಿರುವ ಹೆಸರು ವಿಳಾಸ ಹೆಕ್ಕಿ ಫೋನ್ ಮಾಡುತ್ತಾರಲ್ಲ, ಅದಕ್ಕೆ.

ಇಷ್ಟೆಲ್ಲ ಇದ್ದೂ ನನಗೆ ಫೋನ್ ಬಂತು ಅನ್ನೋದನ್ನು ಮರೆಯಬೇಡಿ. ಕ್ಲಿನಿಕ್‌ನವರು ನೇರವಾಗಿ ಮಾಡೋದಿಲ್ಲ, ನಡುವೆ ಒಂದು ಕಾಲ್ ಸೆಂಟರ್ ಇಟ್ಟಿರುತ್ತಾರೆ. ನಿಮ್ಮ ಗೇಟಿನವನು ಇಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತಿದ್ದಾನೆ, ಅಷ್ಟೇ ವ್ಯತ್ಯಾಸ.

---

ಹಳೇಸ್ಟೆತಾಸ್ಕೋಪ್:

ಡಲ್ಲಾಸ್‌ದೋಸೆಯವರೇ, ಒಳ್ಳೆ ಮಾಹಿತಿ. ಆದರೆ ಆ 31 ದಿನದ ನಿಯಮ ನಮ್ಮ ಕಡೆ ತಂದರೆ ಕೆಲಸಕ್ಕೆ ಬರೋದಿಲ್ಲ ಅನ್ನಿಸುತ್ತೆ. ನಿಮ್ಮಲ್ಲಿ ಜಗಳ ಇರೋದು ಅಪಘಾತ ಆದ ಮೇಲಿನ ವಾರಗಳಲ್ಲಿ ನಡೆಯುವ ಚಿಕಿತ್ಸೆ, ಕ್ಲೇಮ್ ಬಗ್ಗೆ. ನಮ್ಮಲ್ಲಿ ಆಟ ಮುಗಿಯೋದು ಮೊದಲ ಎರಡು ಗಂಟೆಯಲ್ಲಿ, ಸ್ಟ್ರೆಚರ್ ಮೇಲೆ. ಆ ಹೊತ್ತಲ್ಲಿ ಯಾರೂ ಮಾತಾಡಿಸಬಾರದು ಅಂತ ಕಾನೂನು ಮಾಡೋಕೆ ಆಗಲ್ಲ, ಯಾಕಂದರೆ ಯಾರಾದರೂ ಒಬ್ಬರು ಎತ್ತಿಕೊಂಡು ಹೋಗಲೇಬೇಕು. ಹಿಡಿಯಬೇಕಾದದ್ದು ದುಡ್ಡನ್ನು. ಗಾಡಿಯವನಿಗೆ ಆಸ್ಪತ್ರೆ ಕೊಡುವ ಕಮಿಷನ್ ಅಪರಾಧ ಆದರೆ ಗೇಟಿನವನು ತಾನಾಗೇ ಮನೆಗೆ ಹೋಗುತ್ತಾನೆ. ಮಹಾರಾಷ್ಟ್ರದವರು 2017ರಲ್ಲಿ ಕಟ್ ಪ್ರಾಕ್ಟೀಸ್, ಅಂದರೆ ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಟ್ಟು ತಗೊಳ್ಳೋದನ್ನು ತಡೆಯೋಕೆ ಅಂತ ಒಂದು ಮಸೂದೆಯ ಕರಡು ಮಾಡಿದ್ದರು. ಅದು ಕರಡಾಗಿಯೇ ಉಳಿಯಿತು.

---

ಸೈರನ್‌ಸೀನ:

ಡಾಕ್ಟ್ರೇ, ಕಮಿಷನ್ ನಿಲ್ಸಿ, ನಂಗೂ ನೆಮ್ಮದಿ. ಆದ್ರೆ ತಗೊಳ್ಳೋನ್ನ ಮಾತ್ರ ಹಿಡಿದು, ಕೊಡೋರನ್ನ ಬಿಡಬೇಡಿ.

ಹೈವೇ ಅಣ್ಣ, ನಿಮ್ಗೆ ಒಂದು ಉಪಯೋಗದ ಮಾತು. ನೀವು 6,500 ಕೊಟ್ರಲ್ಲ, ಫೋನ್‌ಪೇ ಮಾಡಿದ್ರಾ, ನೋಟು ಕೊಟ್ರಾ? ಆವತ್ತು ಡ್ರೈವರ್ ಡೀಸೆಲ್‌ಗೆ ಅಂತ ಮಧ್ಯ ಏನಾದ್ರೂ ಹಾಕಿಸ್ಕೊಂಡನಾ? ಹಾಕಿಸ್ಕೊಂಡಿದ್ರೆ ನಿಮ್ ಫೋನಲ್ಲಿ ಅವನ ಹೆಸರು ಇರುತ್ತೆ. ಆಸ್ಪತ್ರೆ ಕ್ಯಾಶುವಾಲ್ಟಿ ರಿಜಿಸ್ಟರ್‌ನಲ್ಲಿ ಯಾರು ಕರ್ಕೊಂಡು ಬಂದ್ರು ಅಂತ ಒಂದು ಕಾಲಂ ಇರುತ್ತೆ, ಎಂಎಲ್‌ಸಿ ಕೇಸಲ್ಲಿ ಬರೀಲೇಬೇಕು. ಅದನ್ನ ಕೇಳಿ.

---

ಹಳೇಸ್ಟೆತಾಸ್ಕೋಪ್:

ಸೀನ ಹೇಳಿದ್ದು ನೂರಕ್ಕೆ ನೂರು ಸರಿ. ನಾನೇ ಮೊದಲು ಹೇಳಬೇಕಿತ್ತು. ದಾಖಲೆ ಬೇಕು ಅಂತ ಲಿಖಿತವಾಗಿ ಕೇಳಿ, ತಾರೀಕು ಹಾಕಿದ ಸ್ವೀಕೃತಿ ತಗೊಳ್ಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಅದೇ 2002ರ ನಿಯಮದಲ್ಲಿದೆ. ಕೊಡದೇ ಇದ್ದರೆ ಅದೇ ಇನ್ನೊಂದು ದೂರು.

---

ಹೈವೇಪಕ್ಕದಮನೆ:

ಹನ್ನೆರಡು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಫೋನ್‌ಪೇ ನೋಡಿದೆ. ಡೀಸೆಲ್‌ಗೆ ಅಂತ 2,000 ಹಾಕಿದ್ದೆ, ಹೆಸರು ಸಿಕ್ಕಿತು. ದಾಖಲೆ ಕೇಳೋಕೆ ಆಸ್ಪತ್ರೆಗೆ ಹೋದಾಗ ಮೊದಲು "ಆ ಥರ ಕೊಡಲ್ಲ" ಅಂದರು. ಅರ್ಜಿಯಲ್ಲಿ 72 ಗಂಟೆ, ನಿಯಮ 2002 ಅಂತ ಬರೆದಿದ್ದೆ, ಅದನ್ನು ಓದಿ ಒಳಗೆ ಹೋದ ಹುಡುಗಿ ವಾಪಸ್ ಬಂದು ಕೂರಿ ಸರ್ ಅಂದಳು. ಮೂರನೇ ದಿನ ಕೊಟ್ಟರು. ಕರೆತಂದವರು ಅನ್ನೋ ಕಾಲಂನಲ್ಲಿ ನನ್ನ ಹೆಸರೂ ಇಲ್ಲ, ಅಮ್ಮನ ಹೆಸರೂ ಇಲ್ಲ. ಫೋನ್‌ಪೇಯಲ್ಲಿರುವ ಅದೇ ಹೆಸರು ಇದೆ, ಪಕ್ಕದಲ್ಲಿ "ರೆಫ್" ಅಂತ ಬರೆದು ಗುಂಡು ಸುತ್ತಿದ್ದಾರೆ.

ಬಿಡಿಸಿದ ಬಿಲ್‌ನಲ್ಲಿ "ಟ್ರಾನ್ಸ್‌ಫರ್ ಕೋಆರ್ಡಿನೇಶನ್ 18,000" ಅಂತ ಒಂದು ಸಾಲು. ಬಿಲ್ಲಿಂಗ್‌ಕೌಂಟರ್ ಅವರೇ, ನೀವು ಹೇಳಿದ ಪದವೇ ಹೆಚ್ಚು ಕಮ್ಮಿ. ಇದೇನು ಅಂತ ಕೇಳಿದ್ದಕ್ಕೆ ಅವತ್ತು ಸಂಜೆಯೇ ಒಬ್ಬರು ಫೋನ್ ಮಾಡಿ "ಕಂಪ್ಯೂಟರ್ ಮಿಸ್ಟೇಕ್, ಆ 18,000 ವಾಪಸ್ ಹಾಕ್ತೀವಿ, ಒಂದು ಲೆಟರ್‌ಗೆ ಸಹಿ ಮಾಡಿ" ಅಂದರು. ಲೆಟರ್ ವಾಟ್ಸಾಪ್‌ನಲ್ಲಿ ಬಂದಿದೆ. ಮುಂದೆ ಯಾವ ದೂರೂ ಕೊಡಲ್ಲ ಅಂತ ಇದೆ.

ಸಹಿ ಮಾಡಲಿಲ್ಲ. ಅಮ್ಮನಿಗೆ ಮಾತ್ರ ಹೆದರಿಕೆ, ದುಡ್ಡು ಬಂದರೆ ಸಾಕು ಬಿಡೋ ಅಂತಾರೆ. ತಮ್ಮ ಊರುಗೋಲು ಹಿಡಿದು ಹಿತ್ತಿಲವರೆಗೆ ನಡೆಯುತ್ತಿದ್ದಾನೆ. ಸೋಮವಾರ ಡಿಎಚ್‌ಒ ಕಚೇರಿಗೆ ಹೋಗುತ್ತಿದ್ದೇನೆ, ಆಸ್ಪತ್ರೆ ಇರೋದು ಗ್ರಾಮಾಂತರ ಜಿಲ್ಲೆಗೆ ಸೇರುತ್ತಂತೆ, ಮೇಡಂ ಹೇಳಿದ್ದು ಒಳ್ಳೆದಾಯಿತು. ಚೀಟಿ, ಬಿಲ್, ಆ ವಾಟ್ಸಾಪ್ ಲೆಟರಿನ ಪ್ರಿಂಟ್, ಎಲ್ಲ ಮೂರು ಮೂರು ಪ್ರತಿ ಮಾಡಿಸಿ ಅಮ್ಮನ ಸೀರೆ ಕವರಲ್ಲಿ ಇಟ್ಟಿದ್ದೇನೆ.